ಕಾಲೇಜಿನ ಚಿತ್ರಶಾಲೆಯೂ ಊರಿನ ಜನವೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ನಾಡುನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ರೂಢಿ. ಆ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಆದುದರಿಂದ ನಾವು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅಮೆರಿಕಾ ದೇಶದ ಕೆಲವು ಕಾಲೇಜುಗಳು ತಮ್ಮ ಆವರಣದಲ್ಲಿ ಕಲಾಸಂಗ್ರಹಾಲಯಗಳನ್ನು ಕಟ್ಟಿ, ಉಪನ್ಯಾಸ, ಪ್ರದರ್ಶನ, ಕಲಾವಿದರ ಭೇಟಿ ಮೊದಲಾದ ಕಾರ್ಯಕ್ರಮಗಳ ಮೂಲಕ ಊರಿನ ಜನರನ್ನು ಒಳಕ್ಕೆ ಕರೆದುಕೊಂಡ ಬಗೆಯೇ ಆ ವಿಷಯ. ಅಷ್ಟು ದೂರದ ಮಾತು ಗಡಿನಾಡಿನ ಕನ್ನಡಿಗರಿಗೆ ಏಕೆಂದು ತಾವು ಕೇಳಬಹುದು. ಜನರು ತಮ್ಮದೆಂದು ನಂಬಿದ ವಸ್ತುವನ್ನು ಹೇಗೆ ಉಳಿಸಿಕೊಳ್ಳುತ್ತಾರೆ, ಹೇಗೆ ಕಳೆದುಕೊಳ್ಳುತ್ತಾರೆ ಎಂಬ ಪ್ರಶ್ನೆಯು ಅಲ್ಲಿಗೂ ಇಲ್ಲಿಗೂ ಸಮಾನವಾದುದು. ಆ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರಗಳನ್ನು ತಮ್ಮ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಕಾಲೇಜಿನೊಳಗೆ ಕಲೆಗೆ ಸ್ಥಾನವುಂಟು ಎಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. 1956ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದು ತಮಗೆಲ್ಲ ತಿಳಿದೇ ಇದೆ. ನಮ್ಮ ಹಿರಿಯರು ಉನ್ನತ ವ್ಯಾಸಂಗಕ್ಕೆಂದು ಮಂಗಳೂರಿಗೆ ಹೋಗುತ್ತಿದ್ದರು. ಮಕ್ಕಳು ಈಗಲೂ ಹೋಗುತ್ತಾರೆ. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಛಾವಣಿಯನ್ನೂ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿಯವರು 1899ರಿಂದ ತೊಡಗಿ ಚಿತ್ರಗಳಿಂದ ತುಂಬಿದರು. 1913ರಲ್ಲಿ ಅದೇ ಕಾಲೇಜಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ಆರಂಭವಾಯಿತು. ಆ ಚಿತ್ರಗಳನ್ನು ತಲೆಯೆತ್ತಿ ನೋಡಿದವರು ಈ ಸಭೆಯಲ್ಲಿ ಅನೇಕರಿರಬೇಕು. ಆದುದರಿಂದ ನಾವು ಹೇಳಲಿರುವುದನ್ನು ಗ್ರಹಿಸಲು ತಮಗೆ ಕಷ್ಟವಾಗದು.

ಸರಕಾರದ ವಸ್ತುಸಂಗ್ರಹಾಲಯವು ಸಾಮಾನ್ಯವಾಗಿ ರಾಜಧಾನಿಯಲ್ಲೋ ದೊಡ್ಡ ಪಟ್ಟಣದಲ್ಲೋ ಇರುತ್ತದೆ. ಕಾಲೇಜಿನ ಕಲಾಸಂಗ್ರಹಾಲಯವು ಎಷ್ಟೋ ಸಲ ಒಂದು ಸಣ್ಣ ಊರಿನಲ್ಲಿ, ಪಾಠದ ಕೊಠಡಿಗಳ ಪಕ್ಕದಲ್ಲಿರುತ್ತದೆ. ಅದರ ಮೊದಲ ಕೆಲಸ ಬೋಧನೆ. ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನು ತೋರಿಸಿ ಪಾಠ ಹೇಳುವುದು ಒಂದು ಬಗೆ. ಮೂಲಚಿತ್ರದ ಎದುರಿಗೆ ವಿದ್ಯಾರ್ಥಿಯನ್ನು ನಿಲ್ಲಿಸಿ, ಬಣ್ಣದ ಮೇಲೆ ಬಣ್ಣ ಹತ್ತಿದ ಬಗೆಯನ್ನು ಅವನ ಕಣ್ಣಿನಿಂದಲೇ ಕಾಣಿಸುವುದು ಇನ್ನೊಂದು ಬಗೆ. ಆದರೆ ಈ ಸಂಗ್ರಹಾಲಯಗಳು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. ಹೊಸ ಪ್ರದರ್ಶನದ ಮೊದಲ ದಿನ ಊರವರಿಗೆಲ್ಲ ಆಹ್ವಾನ ಹೋಗುವುದು, ಚಿತ್ರಕಾರರೂ ಶಿಲ್ಪಿಗಳೂ ಬಂದು ತಮ್ಮ ಕೆಲಸವನ್ನು ತಾವೇ ವಿವರಿಸುವುದು, ಶಾಲೆಯ ಮಕ್ಕಳನ್ನು ಕರೆದುತಂದು ತೋರಿಸುವುದು, ಇವೆಲ್ಲ ಕಾಲಕ್ರಮದಲ್ಲಿ ಅವುಗಳ ನಿತ್ಯದ ಕೆಲಸವಾದುವು. ಅನೇಕ ಕಡೆಗಳಲ್ಲಿ ಪ್ರವೇಶಧನವೂ ಇಲ್ಲ.

ಈ ಪದ್ಧತಿಯ ಮೂಲವನ್ನು ಅರಸಿದರೆ ನಾವು ನ್ಯೂ ಹೇವನ್ ಪಟ್ಟಣದ ಯೇಲ್ ಕಾಲೇಜಿಗೆ ಹೋಗಬೇಕಾಗುತ್ತದೆ. ಜಾನ್ ಟ್ರಂಬುಲ್ ಎಂಬಾತನು ಅಮೆರಿಕಾದ ಸ್ವಾತಂತ್ರ್ಯಯುದ್ಧದಲ್ಲಿ ಸೇವೆ ಸಲ್ಲಿಸಿ, ತರುವಾಯ ಆ ಯುದ್ಧದ ಘಟನೆಗಳನ್ನೇ ಚಿತ್ರಿಸಿ ಹೆಸರಾದವನು. ಮುಪ್ಪಿನಲ್ಲಿ ಆತನಿಗೆ ಹಣದ ಅಡಚಣೆಯೊದಗಿತು. 1831ರಲ್ಲಿ ಆತನು ತನ್ನ ಚಿತ್ರಗಳನ್ನು ಯೇಲ್ ಕಾಲೇಜಿಗೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 1000 ಡಾಲರುಗಳ ವರ್ಷಾಶನವನ್ನು ಬದುಕಿರುವ ತನಕ ಪಡೆಯುವುದೆಂದು ಕರಾರು ಬರೆಯಿಸಿಕೊಂಡನು. 1832ರಲ್ಲಿ ಆ ಚಿತ್ರಗಳ ಗ್ಯಾಲರಿಯು ತೆರೆಯಿತು. ಅಮೆರಿಕಾದ ಕಾಲೇಜು ಕಲಾಸಂಗ್ರಹಾಲಯಗಳಲ್ಲಿ ಅದನ್ನೇ ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ನೋಡಲು ಬಂದವರಿಂದ ಬರುವ ಹಣವು ಮುಂದೆ ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಸಲ್ಲತಕ್ಕದ್ದೆಂದು ಕರಾರಿನಲ್ಲಿಯೇ ಬರೆದಿತ್ತು. 1843ರಲ್ಲಿ ಆತನು ತೀರಿಕೊಂಡಾಗ, ಆತನ ಇಚ್ಛೆಯಂತೆ ಚಿತ್ರಗಳಿದ್ದ ಕಟ್ಟಡದ ಕೆಳಗೇ ಆತನನ್ನು ಸಮಾಧಿ ಮಾಡಿದರು. ಚಿತ್ರಗಳು ಬೇರೆ ಕಟ್ಟಡಕ್ಕೆ ಹೋದಾಗ ಆತನ ಅವಶೇಷಗಳೂ ಅವುಗಳ ಜೊತೆಗೆ ಹೋದುವು. ಕೊಟ್ಟವನು ಏನನ್ನು ಬಯಸಿ ಕೊಟ್ಟನೆಂಬುದನ್ನು ಬರಹದಲ್ಲಿ ಇರಿಸಿದ್ದ ಈ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸ್ತಾಪ ಮತ್ತೆ ಬರುವುದು.

ಇನ್ನು ಓಬರ್ಲಿನ್ ಎಂಬ ಊರಿಗೆ ಬರೋಣ. ಇದು ಓಹಾಯೊ ಸಂಸ್ಥಾನದ ಒಂದು ಸಣ್ಣ ಊರು. 1833ರಲ್ಲಿ ಸ್ಥಾಪಿತವಾದ ಇಲ್ಲಿಯ ಕಾಲೇಜು, ಗುಲಾಮಗಿರಿಯು ಇನ್ನೂ ಬಲವಾಗಿದ್ದ ಕಾಲದಲ್ಲಿಯೇ ಕಪ್ಪುಜನರಿಗೂ ಸ್ತ್ರೀಯರಿಗೂ ಬಾಗಿಲು ತೆರೆದು ಕೀರ್ತಿ ಪಡೆಯಿತು. 1917ರಲ್ಲಿ ಇಲ್ಲಿ ಆಲೆನ್ ಸ್ಮಾರಕ ಕಲಾಸಂಗ್ರಹಾಲಯವು ಆರಂಭವಾಯಿತು. ಎಲೆನ್ ಜಾನ್ಸನ್ ಎಂಬ ಮಹಿಳೆಯು ಕಲಾಗ್ರಂಥಾಲಯದ ಕೆಲಸಕ್ಕೆಂದು ಬಂದು, ಮುಂದೆ ಇಲ್ಲಿಯೇ ಪ್ರಾಧ್ಯಾಪಕಿಯಾದಳು. 1940ರಲ್ಲಿ ಆಕೆಯು ಒಂದು ಕ್ರಮವನ್ನು ಆರಂಭಿಸಿದಳು. ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ಒಯ್ಯುವಂತೆ ವಿದ್ಯಾರ್ಥಿಗಳು ಕಲಾಕೃತಿಗಳನ್ನು ಬಾಡಿಗೆಗೆ ಪಡೆದು ತಮ್ಮ ಕೋಣೆಗೆ ಒಯ್ಯಬಹುದೆಂಬುದೇ ಆ ಕ್ರಮ. ಆ ಸಂಗ್ರಹದಲ್ಲಿ ಪಿಕಾಸೊ, ಶಗಾಲ್ ಮೊದಲಾದವರ ಕೈಯ ಅಚ್ಚುಚಿತ್ರಗಳೂ ಇವೆ. ಒಂದು ಕೃತಿಗೆ ಒಂದು ಅರ್ಧವರ್ಷದ ಪಾಠಾವಧಿಗೆ 5 ಡಾಲರು ಬಾಡಿಗೆ; ನಮ್ಮ ಲೆಕ್ಕದಲ್ಲಿ ನಾಲ್ಕೈದು ನೂರು ರೂಪಾಯಿ. ಒಬ್ಬರಿಗೆ ಎರಡು ಕೃತಿಗಳು. ತಮಗೆ ಬೇಕಾದ ಚಿತ್ರವು ಬೇರೆಯವರ ಪಾಲಾದೀತೆಂದು ವಿದ್ಯಾರ್ಥಿಗಳು ಹಿಂದಿನ ರಾತ್ರಿಯೇ ಬಂದು ಸಂಗ್ರಹಾಲಯದ ಬಾಗಿಲ ಮುಂದೆ ಮಲಗಿ ಸರದಿ ಕಾಯುವುದು ಅಲ್ಲಿಯ ಸಂಪ್ರದಾಯವಾಗಿಬಿಟ್ಟಿದೆ. ಊರಿನ ನಿವಾಸಿಗಳಿಗೂ ಈ ಸೌಕರ್ಯವುಂಟು.

ಬೆಲೆಬಾಳುವ ಚಿತ್ರವನ್ನು ಹದಿನೆಂಟು ಇಪ್ಪತ್ತು ವರ್ಷದ ಹುಡುಗರ ಕೈಗೆ ಕೊಡುವುದೆಂದರೆ ನಮ್ಮಲ್ಲಿ ಯಾರಾದರೂ ಹೌಹಾರದೆ ಇರರು. ನಾವು ಪುಸ್ತಕವನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕುವ ಜನ. ಆದರೆ ಓಬರ್ಲಿನ್ನಿನ ಅನುಭವವು ಈ ಭಯವನ್ನು ಸಮರ್ಥಿಸುವುದಿಲ್ಲ. ಎಂಟು ದಶಕಗಳಿಗೂ ಮೀರಿ ಈ ಕ್ರಮವು ನಡೆದುಬಂದಿರುವುದೇ ಅದಕ್ಕೆ ಸಾಕ್ಷಿ. ಬೆಳಗ್ಗೆ ಎದ್ದೊಡನೆ ಕಾಣುವ, ದೀಪವಾರಿಸುವ ಮುನ್ನ ಕಾಣುವ ಚಿತ್ರವನ್ನು ಮನುಷ್ಯನು ನಿಧಾನವಾಗಿ ಅರಿಯುತ್ತಾನೆ. ಮೊದಲ ದಿನ ಹಿಡಿಸದಿದ್ದುದು ಮೂರನೆಯ ತಿಂಗಳಲ್ಲಿ ಹಿಡಿಸಬಹುದು. ಗಾಜಿನ ಹಿಂದೆ ಇಟ್ಟು ಅರ್ಧ ಗಳಿಗೆ ತೋರಿಸಿದರೆ ಈ ಪರಿಚಯವು ಆಗುವುದಿಲ್ಲ. ತನ್ನ ವಶಕ್ಕೆ ಕೊಟ್ಟರೆಂಬ ವಿಶ್ವಾಸವೇ ವಿದ್ಯಾರ್ಥಿಯನ್ನು ಜವಾಬ್ದಾರನನ್ನಾಗಿ ಮಾಡುತ್ತದೆ.

ಕಲಾವಿದರನ್ನು ಬರಮಾಡಿಕೊಳ್ಳುವುದರಲ್ಲಿಯೂ ಈ ಸಂಸ್ಥೆಯು ಉದಾರವಾಗಿತ್ತು. ಈವಾ ಹೆಸ್ಸೆ ಎಂಬ ಶಿಲ್ಪಿಯ ಕಥೆ ಇಲ್ಲಿ ಹೇಳತಕ್ಕದ್ದು. ಆಕೆಯು 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿ, ನಾಜಿಗಳ ಕಾಟದಿಂದ ಪಾರಾಗಿ, ಶಿಶುವಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದು ಸೇರಿದವಳು. ಹಗ್ಗ, ಬಟ್ಟೆ, ರಬ್ಬರಿನ ಹಾಲು, ಗಾಜಿನ ನಾರು ಮೊದಲಾದ, ಯಾರೂ ಶಿಲ್ಪಕ್ಕೆ ಒದಗುವುವೆಂದು ಎಣಿಸದಿದ್ದ ಪದಾರ್ಥಗಳಿಂದ ಆಕೆಯು ಶಿಲ್ಪಗಳನ್ನು ರಚಿಸಿದಳು. ಇನ್ನೂ ದೊಡ್ಡ ಹೆಸರು ಬರುವ ಮೊದಲೇ, 1968ರಲ್ಲಿ, ಆಕೆಯು ಓಬರ್ಲಿನ್ನಿಗೆ ಬಂದಿದ್ದಳು. 1970ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿಯೇ, ಆಕೆಯು ತೀರಿಕೊಂಡಳು. ಅದೇ ವರ್ಷ ಆಕೆಯ ಒಂದು ಮುಖ್ಯ ಶಿಲ್ಪವು ಈ ಸಂಗ್ರಹಾಲಯಕ್ಕೆ ಸೇರಿತು. 1977ರಲ್ಲಿ ಆಕೆಯ ಅಕ್ಕನು ಆಕೆಯ ದಿನಚರಿ, ಟಿಪ್ಪಣಿ, ಕಾಗದಪತ್ರಗಳನ್ನು ದಾನವಾಗಿ ಕೊಟ್ಟಾಗ ಅವೂ ಇಲ್ಲಿಗೇ ಬಂದುವು. ನ್ಯೂಯಾರ್ಕಿನ ಭವ್ಯ ಸಂಗ್ರಹಾಲಯಗಳನ್ನು ಬಿಟ್ಟು ಒಂದು ಸಣ್ಣ ಊರಿನ ಕಾಲೇಜಿಗೆ ಆ ಕಾಗದಗಳು ಬಂದುದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬದುಕಿದ್ದಾಗ ಕರೆದು ಮಾತನಾಡಿಸಿದವರ ಮನೆಗೇ ಅಲ್ಲವೇ ನೆನಪುಗಳು ಹಿಂದಿರುಗುವುದು?

ಎಲೆನ್ ಜಾನ್ಸನ್ ತಾನೂ ಅದೇ ದಾರಿಯನ್ನು ಹಿಡಿದಳು. ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟನು ಓಬರ್ಲಿನ್ನಿನಲ್ಲಿ ನಿರ್ಮಿಸಿದ್ದ ಒಂದು ಮನೆಯನ್ನು 1968ರಲ್ಲಿ ಕೊಂಡು, ಜೀರ್ಣೋದ್ಧಾರ ಮಾಡಿಸಿ, ಅದರಲ್ಲಿ ವಾಸವಾಗಿದ್ದು, 1992ರಲ್ಲಿ ತೀರಿಕೊಂಡಾಗ ಅದನ್ನು ಕಾಲೇಜಿಗೆ ಬಿಟ್ಟುಹೋದಳು. ತರುವಾಯ ಆ ಮನೆಯನ್ನೂ ಜನರು ಬಂದು ನೋಡುವಂತಾಯಿತು.

ಓಬರ್ಲಿನ್ನಿನ ಕಥೆಯು ಸಂತೋಷವನ್ನು ಕೊಡುವಂಥದು. ಆದರೆ ಎಲ್ಲೆಡೆಯೂ ಹೀಗೆಯೇ ಆಯಿತೆಂದು ಹೇಳಿದರೆ ತಮಗೆ ಅರ್ಧಸತ್ಯವನ್ನು ಹೇಳಿದಂತಾದೀತು. ವರ್ಜೀನಿಯಾ ಸಂಸ್ಥಾನದ ಲಿಂಚ್‌ಬರ್ಗ್ ಎಂಬ ಪಟ್ಟಣದಲ್ಲಿ ರಾಂಡಾಲ್ಫ್-ಮೇಕನ್ ಮಹಿಳಾ ಕಾಲೇಜು ಇತ್ತು. ಅಲ್ಲಿಯ ಮೊದಲ ಚಿತ್ರಕಲಾ ಪ್ರಾಧ್ಯಾಪಕಿ ಲೂಯಿಸ್ ಜಾರ್ಡನ್ ಸ್ಮಿತ್. ನ್ಯೂಯಾರ್ಕಿನಿಂದ ಬಹುದೂರವಿದ್ದ ತನ್ನ ವಿದ್ಯಾರ್ಥಿನಿಯರು ಸಮಕಾಲೀನ ಚಿತ್ರಕಾರರ ಮೂಲಕೃತಿಗಳನ್ನು ಕಾಣಲೆಂದು ಆಕೆಯು 1911ರಲ್ಲಿ ಒಂದು ವಾರ್ಷಿಕ ಪ್ರದರ್ಶನವನ್ನು ಆರಂಭಿಸಿದಳು. ವರ್ಷ ವರ್ಷವೂ ಚಿತ್ರಗಳು ಬಂದುವು. ವಿದ್ಯಾರ್ಥಿನಿಯರೂ ಊರವರೂ ನೋಡಿದರು. 1920ರಲ್ಲಿ ಆ ವಿದ್ಯಾರ್ಥಿನಿಯರೂ ಊರಿನ ಜನರೂ ಚಂದಾ ಕೂಡಿಸಿ, 2500 ಡಾಲರುಗಳಿಗೆ ಒಂದು ದೊಡ್ಡ ಚಿತ್ರವನ್ನು ಕೊಂಡರು. ಅದು ಜಾರ್ಜ್ ಬೆಲ್ಲೋಸನು 1912ರಲ್ಲಿ ಬರೆದ ಚಿತ್ರ. ನ್ಯೂಯಾರ್ಕಿನ ಬಂದರಿನಲ್ಲಿ, ಚಳಿಗಾಲದ ಒಂದು ಬೆಳಗ್ಗೆ, ದಿನಗೂಲಿಯ ಕೆಲಸ ಸಿಕ್ಕೀತೇ ಎಂದು ಹಡಗಿನ ಬಳಿ ಕಾದು ನಿಂತ ಆಳುಗಳು. ಅವರ ಪಕ್ಕದಲ್ಲಿ ಕುದುರೆಗಳು. ನದಿಯಾಚೆ ಎತ್ತರದ ಕಟ್ಟಡಗಳು. ಇದು ಆ ಕಾಲೇಜಿನ ಸಂಗ್ರಹಕ್ಕೆ ಅಡಿಗಲ್ಲಾಯಿತು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಊರಿನ ಮೂರು ತಲೆಮಾರುಗಳು ಅದನ್ನು ತಮ್ಮದೆಂದೇ ತಿಳಿದು ನೋಡಿದುವು.

ಹೊಸ ಶತಮಾನದಲ್ಲಿ ಕಾಲೇಜಿಗೆ ಹಣದ ಮುಗ್ಗಟ್ಟು ಬಂದಿತು. 2007ರಲ್ಲಿ ಪುರುಷ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು, ಕಾಲೇಜು ತನ್ನ ಹೆಸರನ್ನು ರಾಂಡಾಲ್ಫ್ ಕಾಲೇಜು ಎಂದು ಬದಲಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಆಡಳಿತ ಮಂಡಲಿಯು ಬೆಲ್ಲೋಸನ ಚಿತ್ರವೂ ಸೇರಿ ನಾಲ್ಕು ಚಿತ್ರಗಳನ್ನು ಮಾರಾಟಕ್ಕೆಂದು ಗೋಡೆಯಿಂದ ಇಳಿಸಿತು. ಹಳೆಯ ವಿದ್ಯಾರ್ಥಿನಿಯರು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಆದರೆ ಮಾರಾಟವನ್ನು ಬಹುಕಾಲ ತಡೆಯಲಾಗಲಿಲ್ಲ. 2008ರಲ್ಲಿ ಮೆಕ್ಸಿಕೊದ ರುಫಿನೊ ತಮಾಯೊನ ಚಿತ್ರವು ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರುಗಳಿಗೆ ಹೋಯಿತು. 2014ರಲ್ಲಿ ಬೆಲ್ಲೋಸನ ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯು 2 ಕೋಟಿ 55 ಲಕ್ಷ ಡಾಲರುಗಳಿಗೆ ಕೊಂಡಿತು. ಕೊಂಡ ಬೆಲೆಯ ಹತ್ತು ಸಾವಿರ ಪಟ್ಟಿಗೂ ಮೀರಿದ ಬೆಲೆ! ಕಲಾಕೃತಿಯನ್ನು ಮಾರಿದ ಹಣವನ್ನು ಸಂಗ್ರಹಕ್ಕಾಗಿಯೇ ಬಳಸಬೇಕು, ಸಂಸ್ಥೆಯ ಇತರ ಖರ್ಚಿಗೆ ತೊಡಗಿಸಬಾರದು ಎಂಬ ನಿಯಮವನ್ನು ಇಟ್ಟುಕೊಂಡಿದ್ದ ಅಮೆರಿಕಾದ ಕಲಾಸಂಗ್ರಹಾಲಯ ನಿರ್ದೇಶಕರ ಸಂಘವು, ಆ ಕಾಲೇಜಿನ ಸಂಗ್ರಹಾಲಯಕ್ಕೆ ಕೃತಿಗಳನ್ನು ಎರವಲು ಕೊಡದಿರುವಂತೆ ತನ್ನ ಸದಸ್ಯರಿಗೆ ಸೂಚಿಸಿತು.

ಕಾಲೇಜಿನ ಆಡಳಿತದವರನ್ನು ಸುಲಭವಾಗಿ ದೂಷಿಸಿಬಿಡುವುದು ನಮಗೆ ಸರಿಯೆಂದು ತೋರುವುದಿಲ್ಲ. ಕಾಲೇಜು ಮುಚ್ಚಿಹೋದರೆ ಚಿತ್ರವನ್ನು ಯಾರಿಗೆ ತೋರಿಸುವುದೆಂದು ಅವರು ಕೇಳಬಹುದು. ಆ ಮಾತಿಗೂ ತೂಕವಿದೆ. ಲಂಡನ್ನಿನಲ್ಲಿ ಆ ಚಿತ್ರವನ್ನು ಲಿಂಚ್‌ಬರ್ಗಿಗಿಂತ ಎಷ್ಟೋ ಹೆಚ್ಚು ಜನರು ನೋಡುತ್ತಾರೆಂಬುದೂ ನಿಜ. ಆದರೆ ಚಂದಾ ಎತ್ತಿದವರ ಮೊಮ್ಮಕ್ಕಳು ಅದನ್ನು ತಮ್ಮದೆಂದು ಕರೆಯುವಂತಿಲ್ಲ. ಪ್ರೀತಿಗೇನೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅಧಿಕಾರದಲ್ಲಿ. ಹಣ ಕೊಟ್ಟವರಿಗೂ ನೋಡಿ ಬೆಳೆದವರಿಗೂ ತೀರ್ಮಾನದಲ್ಲಿ ಪಾಲಿರಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವನ್ನು ಚಿಕ್ಕದಾಗಿ ಹೇಳುತ್ತೇವೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಲ್ಥಮ್ ಎಂಬಲ್ಲಿ ಬ್ರಾಂಡೈಸ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ 1961ರಲ್ಲಿ ರೋಸ್ ಕಲಾಸಂಗ್ರಹಾಲಯವು ಆರಂಭವಾಯಿತು. 2009ರ ಜನವರಿಯಲ್ಲಿ, ಆರ್ಥಿಕ ಕುಸಿತದ ನಡುವೆ, ಆಡಳಿತ ಮಂಡಲಿಯು ಆ ಸಂಗ್ರಹಾಲಯವನ್ನು ಮುಚ್ಚಿ ಕೃತಿಗಳನ್ನು ಮಾರುವುದೆಂದು ನಿರ್ಣಯಿಸಿತು. ವಿದ್ಯಾರ್ಥಿಗಳು ಸಂಗ್ರಹಾಲಯದೊಳಗೆ ಹೋಗಿ ಕುಳಿತರು. ಸಂಗ್ರಹಾಲಯದ ಮೇಲ್ವಿಚಾರಣಾ ಮಂಡಲಿಯ ಮೂವರು, ದಾನಿಗಳ ಉದ್ದೇಶಕ್ಕೆ ಇದು ವಿರುದ್ಧವೆಂದು ನ್ಯಾಯಾಲಯದಲ್ಲಿ ದಾವೆ ಹೂಡಿದರು. 2011ರಲ್ಲಿ ರಾಜಿಯಾಯಿತು, ಸಂಗ್ರಹಾಲಯವು ಉಳಿಯಿತು, ಕೃತಿಗಳು ಮಾರಾಟವಾಗಲಿಲ್ಲ. ಇಲ್ಲಿ ಜನರ ಪ್ರೀತಿಯೂ ಇತ್ತು, ಆ ಪ್ರೀತಿಯ ಪರವಾಗಿ ನಿಂತು ವಾದಿಸಲು ಸ್ಥಾನವುಳ್ಳ ಮೇಲ್ವಿಚಾರಕರೂ ಇದ್ದರು.

ಮಹನೀಯರೇ, ಓಬರ್ಲಿನ್, ಲಿಂಚ್‌ಬರ್ಗ್, ವಾಲ್ಥಮ್ ಈ ಮೂರು ಊರುಗಳಿಂದ ನಾವು ಕಲಿಯತಕ್ಕ ಪಾಠ ಇಷ್ಟೇ. ಜನರು ಬಂದು ಮುಟ್ಟಿ, ನೋಡಿ, ಕೇಳಿ, ಮನೆಗೆ ಒಯ್ದು ಬಳಸದಿದ್ದರೆ ಸಂಗ್ರಹವು ಉಗ್ರಾಣವಾಗುತ್ತದೆ. ಜನರು ಎಷ್ಟೇ ಪ್ರೀತಿಸಿದರೂ ಅವರ ಹಕ್ಕು ಬರಹದಲ್ಲಿಲ್ಲದಿದ್ದರೆ ಸಂಗ್ರಹವು ಒಂದು ದಿನ ಅವರ ಕೈಬಿಟ್ಟು ಹೋಗಬಹುದು. ಕಾರ್ಯಕ್ರಮವು ಪ್ರೀತಿಯನ್ನು ಬೆಳೆಸುತ್ತದೆ. ಕರಾರು ಅದನ್ನು ಕಾಯುತ್ತದೆ. ಎರಡರಲ್ಲಿ ಒಂದಿದ್ದರೆ ಸಾಲದು.

ಈ ಮಾತನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡೋಣ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಸ್ವತಃ ಚಿತ್ರಕಾರರಾಗಿದ್ದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿಗಳನ್ನು ಸುತ್ತಿ ಗೊಂಬೆ, ವೇಷಭೂಷಣ, ಬೇಸಾಯದ ಮುಟ್ಟು, ಅಡಿಗೆಮನೆಯ ಪಾತ್ರೆಪರಡಿಗಳನ್ನು ಕೂಡಿಹಾಕಿದರು. ಹಳ್ಳಿಯವರು ಅಟ್ಟದ ಮೂಲೆಗೆ ಎಸೆದಿದ್ದ ವಸ್ತುವು ವಿಶ್ವವಿದ್ಯಾನಿಲಯದಲ್ಲಿ ವಿದ್ಯೆಯ ಸಾಮಗ್ರಿಯಾಯಿತು. ನಮ್ಮ ಅಟ್ಟಗಳಲ್ಲಿಯೂ ಇಂಥವು ಇಲ್ಲವೆಂದು ಯಾರು ಹೇಳಬಲ್ಲರು? ಪಾರ್ತಿಸುಬ್ಬನ ಕುಂಬಳೆಯ ಸೀಮೆ ನಮ್ಮದು. ಕೈಬರಹದ ಯಕ್ಷಗಾನ ಪ್ರಸಂಗಗಳು, ಓಲೆಗರಿಗಳು, ಅಜ್ಜನ ಕಾಲದ ಶಾಲಾಪುಸ್ತಕಗಳು, ಕನ್ನಡದಲ್ಲಿ ಬರೆದ ಗೇಣಿಚೀಟಿಗಳು, ಮದುವೆಯ ಕರೆಯೋಲೆಗಳು ಈಗಲೂ ಮನೆಗಳಲ್ಲಿವೆ. ಹಳೆಯ ಮನೆಯನ್ನು ಕೆಡವಿ ತಾರಸಿಯ ಮನೆಯನ್ನು ಕಟ್ಟುವ ದಿನ ಅವುಗಳಲ್ಲಿ ಕೆಲವು ಒಲೆಗೂ ಕೆಲವು ಗುಜರಿಯವನ ಚೀಲಕ್ಕೂ ಸೇರುತ್ತವೆ. ಕನ್ನಡ ಮಾಧ್ಯಮದ ಒಂದು ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದರೆ ನಾವೆಲ್ಲ ಕಳವಳಗೊಳ್ಳುತ್ತೇವೆ. ಆ ಕಳವಳ ನ್ಯಾಯವಾದುದು. ಆದರೆ ಆ ತರಗತಿಯ ಮಗುವಿಗೆ, ಈ ಮಣ್ಣಿನಲ್ಲಿ ತನ್ನ ಭಾಷೆಯು ಬಾಳಿದುದಕ್ಕೆ ಕಣ್ಣಿಗೆ ಕಾಣುವ ಗುರುತನ್ನು ನಾವು ಎಷ್ಟು ಸಲ ತೋರಿಸಿದ್ದೇವೆ?

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ವಿನಯದಿಂದ ಇಡುತ್ತೇವೆ. ಒಂದನೆಯದು, ವರ್ಷಕ್ಕೊಂದು ಉತ್ಸವದಿಂದ ತೃಪ್ತರಾಗದೆ, ತಿಂಗಳಿಗೊಂದು ಸಂಜೆಯನ್ನು ಒಂದು ವಸ್ತುವಿಗಾಗಿ ಮೀಸಲಿಡಬೇಕು. ಒಂದು ಮನೆಯವರು ಒಂದು ವಸ್ತುವನ್ನು ತರಲಿ. ಅದನ್ನು ಮಾಡಬಲ್ಲವರೋ ಬಳಸಿದವರೋ ಅದನ್ನು ಕುರಿತು ಮಾತನಾಡಲಿ. ಕಿರೀಟ, ಭುಜಕೀರ್ತಿಗಳನ್ನು ಕಟ್ಟುವ ಕುಶಲಿಯು ಮಕ್ಕಳ ಎದುರಿಗೆ ಕುಳಿತು ಅದನ್ನು ಕಟ್ಟಿ ತೋರಿಸಿದರೆ, ಅದು ಓಬರ್ಲಿನ್ನಿನ ಯಾವ ಕಲಾವಿದನ ಭೇಟಿಗೂ ಕಡಿಮೆಯಾದುದಲ್ಲ. ಎರಡನೆಯದು, ಎರವಲು ಕೊಡುವ ಧೈರ್ಯವನ್ನು ಮಾಡಬೇಕು. ಮೂಲವಸ್ತುವು ಜೀರ್ಣವಾಗಿದ್ದರೆ ಅದರ ಒಳ್ಳೆಯ ಪ್ರತಿಯನ್ನು ಮಾಡಿಸಿ ಕಟ್ಟುಹಾಕಿಸಿ, ಅಲ್ಪ ಬಾಡಿಗೆಗೆ, ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಮನೆಗಳಿಗೆ ಮೂರು ತಿಂಗಳ ಮಟ್ಟಿಗೆ ಕೊಡಬಹುದು. ಮಗುವಿನ ಓದುವ ಮೇಜಿನ ಎದುರಿನ ಗೋಡೆಯಲ್ಲಿ ಮುತ್ತಜ್ಜನ ಕೈಬರಹದ ಒಂದು ಹಾಳೆ ತೂಗಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಯಾರೇ ಏನನ್ನೇ ಕೊಡಲಿ, ಅದನ್ನು ಯಾವ ಉದ್ದೇಶಕ್ಕೆ ಕೊಟ್ಟರು, ಅದನ್ನು ಮಾರಬಹುದೇ ಮಾರಬಾರದೇ, ಸಂಘವೇ ನಿಂತುಹೋದರೆ ಅದು ಯಾರಿಗೆ ಸೇರಬೇಕು ಎಂಬುದನ್ನು ಅದೇ ದಿನ ಬರೆದು ಸಹಿ ಮಾಡಬೇಕು. ಪರಸ್ಪರ ವಿಶ್ವಾಸವಿರುವಾಗ ಕಾಗದವೇತಕ್ಕೆ ಎಂಬ ಸಂಕೋಚ ನಮ್ಮಲ್ಲಿ ಸಹಜ. ಇಂದು ವಿಶ್ವಾಸವಿರುವವರು ನಾವು. ಎಂಬತ್ತು ವರ್ಷಗಳ ಮೇಲೆ ತೀರ್ಮಾನ ಮಾಡುವವರು ಬೇರೆ ಯಾರೋ. ಅವರಿಗೆ ನಮ್ಮ ಮನಸ್ಸು ತಿಳಿಯಬೇಕಾದರೆ ಬರಹವಲ್ಲದೆ ಬೇರೆ ದಾರಿಯಿಲ್ಲ.

ಇವಾವುದಕ್ಕೂ ದೊಡ್ಡ ಕಟ್ಟಡವು ಬೇಡ, ಸರಕಾರದ ಅನುದಾನವನ್ನು ಕಾಯಬೇಕಾದುದೂ ಇಲ್ಲ. ಒಂದು ಕೊಠಡಿ, ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಅದರ ಕೀಲಿಕೈಯನ್ನು ಇಟ್ಟುಕೊಳ್ಳಲು ಒಪ್ಪುವ ಇಬ್ಬರು ಅಧ್ಯಾಪಕರು ಇಷ್ಟಿದ್ದರೆ ಆರಂಭಿಸಬಹುದು. ಮುಂದಿನ ವಾರ್ಷಿಕೋತ್ಸವಕ್ಕೆ ಬರುವಾಗ ತಾವು ತಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ಇಳಿದು ಬಂದಿದ್ದರೆ ನಮ್ಮ ಈ ಮಾತುಗಳು ಸಾರ್ಥಕವಾದುವೆಂದು ತಿಳಿಯುತ್ತೇವೆ.